ಧೂಮಕೇತುವಿನ ಬಾಲಕ್ಕೆ ಪೆನ್ಸಿಲ್ ಹಚ್ಚಿದವರು

ಬಾಲ ಕಡಿದುಹೋಗಿತ್ತು. ನಾನು ಕಣ್ಣಾರೆ ಕಂಡಿದ್ದೆ, ಫಿಲಂ ಮೇಲೆ ಹಿಡಿದೂ ಇದ್ದೆ. ತರೀಕೆರೆಯ ಸ್ಟುಡಿಯೋದಾತ ಅದನ್ನು ಪೆನ್ಸಿಲ್ಲಿನಲ್ಲಿ ಜೋಡಿಸಿ, ನೀಟಾಗಿ ಕವರಿಗೆ ಹಾಕಿಟ್ಟ. ಇದು ಎಂಬತ್ತಾರನೇ ಇಸವಿಯ ಮಾತು. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂದು ನಾನು ಪ್ರಯತ್ನಪಟ್ಟಿದ್ದೂ ಇಲ್ಲ.

ಆಗ ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಧೂಮಕೇತು ಬರುತ್ತಿದೆ ಎಂದು ದೊಡ್ಡದೊಂದು ಚಾರ್ಟು ಬರೆದು ತರಗತಿಯ ಗೋಡೆಗೆ ಹಾಕಿದ್ದೆ. ನಡುವೆ ಸೂರ್ಯ, ಸುತ್ತ ಧೂಮಕೇತು ಬಂದು ಹೋಗುವ ದಾರಿ. ಎಲ್ಲೇ ಇರಲಿ, ಅದರ ಬಾಲ ಸೂರ್ಯನಿಗೆ ಬೆನ್ನು ಹಾಕಿರುತ್ತದೆ. ಹಾಗಾಗಿ ಸೂರ್ಯನನ್ನು ಸುತ್ತಿ ವಾಪಸ್ ಹೊರಟ ಮೇಲೆ ಬಾಲ ಮುಂದೆ, ತಲೆ ಹಿಂದೆ. ಸೂರ್ಯನಿಂದ ಹಗಲೂ ರಾತ್ರಿ ವಿದ್ಯುತ್ ಕಣಗಳ ಒಂದು ಗಾಳಿ ಬೀಸುತ್ತಲೇ ಇರುತ್ತದೆ, ಬಾಲ ಅದು ತಳ್ಳಿದ ಕಡೆಗೆ ಹೋಗುತ್ತದೆ ಎಂದು ಹೇಳಿಕೊಟ್ಟಿದ್ದೆ. ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಲ್ಲ, ತೂರುವವನು ಯಾವ ಕಡೆ ನಡೆಯುತ್ತಿದ್ದಾನೆ ಎಂದು ಹೊಟ್ಟು ಕೇಳುತ್ತದೆಯೇ ಎಂದರೆ ಮಕ್ಕಳಿಗೆ ಅರ್ಥವಾಗಿತ್ತು.

ಅರ್ಥವಾಗದೇ ಹೋದದ್ದು ಶಾಲೆ ತಪಾಸಣೆಗೆ ಬಂದ ಪರಿವೀಕ್ಷಕರಿಗೆ. ಚಾರ್ಟಿನ ಮುಂದೆ ನಿಂತು, ಕೈಯಲ್ಲಿದ್ದ ಕನ್ನಡಕದಿಂದ ಅದನ್ನು ಕುಟ್ಟಿದರು.

“ಏನ್ರೀ ಮೇಡಂ ಇದು? ಬಾಲ ಮುಂದೆ ಮಾಡ್ಕೊಂಡು ಯಾವ ಪ್ರಾಣಿ ಓಡುತ್ತೆ? ಎಮ್ಮೆ ಓಡುತ್ತಾ?”

ಮಕ್ಕಳು ಗೊಳ್ಳೆಂದು ನಕ್ಕರು. ನಾನು ಸೌರಗಾಳಿಯ ಮಾತೆತ್ತಿದೆ.

“ಸೂರ್ಯನಲ್ಲಿ ಗಾಳಿ ಎಲ್ಲಿಂದ ಬಂತ್ರೀ? ಅದು ಬೆಂಕಿ. ಇಂಥದ್ದನ್ನೆಲ್ಲ ಹೇಳ್ಕೊಟ್ಟು ಮಕ್ಕಳ ತಲೆ ಕೆಡಿಸ್ಬೇಡಿ. ಫೋಟೋ ಇದ್ರೆ ತೋರ್ಸಿ, ಒಪ್ಕೋತೀನಿ. ಅಲ್ಲಿವರೆಗೂ ಇದನ್ನ ತೆಗೀರಿ.”

ಹೆಡ್ ಮಾಸ್ಟರು ತಾವೇ ಮುಂದೆ ಬಂದು ಚಾರ್ಟನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಬಿಟ್ಟರು. ಮೂಲೆಗೆ ನಿಲ್ಲಿಸಿದ ಮಗುವಿನ ಹಾಗೆ ಅದು ತಿಂಗಳುಗಟ್ಟಲೆ ಹಾಗೇ ಇತ್ತು. ದಿನಾ ಅದರ ಬೆನ್ನು ನೋಡಿಕೊಂಡು ನಾನು ಪಾಠ ಮಾಡಬೇಕಿತ್ತು. ಮೈಯೆಲ್ಲ ಉರಿಯುತ್ತಿತ್ತು.

ಅದೇ ಸಮಯಕ್ಕೆ ಬೆಂಗಳೂರಿನ ಒಂದು ವೀಕ್ಷಣಾಲಯದವರು, ಆಗುವಂಥವರು ಧೂಮಕೇತುವಿನ ಫೋಟೋ ತೆಗೆದು ಕಳಿಸಿ ಎಂದು ಶಾಲೆಗಳಿಗೆ ತಿಳಿಸಿದ್ದರು. ಸೌರಗಾಳಿ ಹೊತ್ತು ತರುವ ಕಾಂತಬಲದ ದಿಕ್ಕು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ತಿರುಗಿಬಿಡುತ್ತದೆ. ಆಗ ಧೂಮಕೇತುವಿನ ಬಾಲ ಬುಡದಲ್ಲೇ ಕಡಿದು ದೂರ ತೇಲಿಹೋಗುತ್ತದೆ, ತಲೆಯಿಂದ ಹೊಸ ಬಾಲ ಹುಟ್ಟುತ್ತದೆ. ಇದು ಯಾವಾಗ ಆಗುತ್ತದೆಂದು ಯಾರಿಗೂ ಗೊತ್ತಿಲ್ಲ. ಒಂದು ಊರಿನಲ್ಲಿ ಮೋಡ ಕವಿದರೆ ಇನ್ನೊಂದು ಊರಿನವರು ನೋಡುತ್ತಿರಬೇಕು. ಅದಕ್ಕೇ ಅವರಿಗೆ ಎಲ್ಲ ಕಡೆಯ ಚಿತ್ರಗಳು ಬೇಕಿದ್ದವು. ಷರತ್ತು ಒಂದೇ: ಮೂಲ ನೆಗೆಟಿವ್ ಕಳಿಸಬೇಕು, ಅದಕ್ಕೆ ಯಾರೂ ಕೈ ಹಚ್ಚಿರಬಾರದು.

ಒಂದು ಒಳ್ಳೆಯ ನೆಗೆಟಿವ್ ಸಿಕ್ಕರೆ ಸಾಕು, ಚಾರ್ಟು ಈ ಕಡೆ ತಿರುಗುತ್ತದೆ. ನನಗೆ ಬೇಕಾಗಿದ್ದು ಅಷ್ಟೇ.

ಕ್ಯಾಮೆರಾ ಇದ್ದದ್ದು ತರೀಕೆರೆಯ ಬಸ್ ಸ್ಟ್ಯಾಂಡಿನ ಎದುರಿನ ಸ್ಟುಡಿಯೋದಲ್ಲಿ. ಅಲ್ಲಿಗೆ ಇನ್ನು ಕಾಲಿಡುವುದಿಲ್ಲ ಎಂದು ಹನ್ನೊಂದು ವರ್ಷದಿಂದ ಶಪಥ ಮಾಡಿಕೊಂಡಿದ್ದೆ. ನನ್ನ ಎಡಗೆನ್ನೆಯ ಮೇಲೆ ಒಂದು ಸುಟ್ಟ ಕಲೆ ಇದೆ. ಚಿಕ್ಕಂದಿನಲ್ಲಿ ಚಿಮಣಿ ದೀಪ ಮಗುಚಿ ಆದದ್ದು. ಎಪ್ಪತ್ತೈದರಲ್ಲಿ ಗಂಡಿನ ಕಡೆಗೆ ಕಳಿಸಲು ಅಪ್ಪ ನನ್ನನ್ನು ಆ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದರು. ಯಾರೂ ಹೇಳದೆಯೇ ಸ್ಟುಡಿಯೋದಾತ ಕಲೆಯನ್ನು ಪೂರ್ತಿ ಅಳಿಸಿದ್ದ. ಅಪ್ಪನಿಗೂ ಒಳಗೊಳಗೇ ಖುಷಿಯಾಗಿರಬೇಕು, ಹಾಗೇ ಕಳಿಸಿಬಿಟ್ಟರು. ಫೋಟೋ ಒಪ್ಪಿಕೊಂಡು ಕಡೂರಿನ ಕಡೆಯಿಂದ ಗಂಡಿನವರು ಬಂದರು, ಉಪ್ಪಿಟ್ಟು ತಿಂದರು, ನಾನು ಕಾಫಿ ತಂದಾಗ ತಲೆಯೆತ್ತಿ ನೋಡಿದರು. ಗಂಡಿನ ಚಿಕ್ಕಪ್ಪ ಜೇಬಿನಿಂದ ಫೋಟೋ ತೆಗೆದು ಕಾಫಿ ತಟ್ಟೆಯ ಮೇಲೆ ಇಟ್ಟ. “ಇದು ಮೋಸ ಕಣ್ರೀ” ಎಂದು ಎದ್ದ. ಮೋಸ ಮಾಡಿದವಳು ನಾನು ಎಂಬಂತೆ ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಫೋಟೋ ಕಳಿಸುವುದಕ್ಕೆ ನಾನೇ ಒಪ್ಪಲಿಲ್ಲ.

ಆದರೂ ಹೋದೆ. ಬೇರೆ ದಾರಿ ಇರಲಿಲ್ಲ. ಆತನಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ, ಎರಡು ಕಣ್ಣಿನ ಹಳೇ ಕ್ಯಾಮೆರಾವನ್ನು ಧಾರಾಳವಾಗಿಯೇ ಕೊಟ್ಟ. “ರೋಲು ಮಾತ್ರ ನಾನೇ ತೊಳೀಬೇಕು ಮೇಡಂ. ಬೇರೆಯೋರ ಕೈಗೆ ಕೊಟ್ರೆ ಕೆಡಿಸ್ಬಿಡ್ತಾರೆ” ಎಂದ.

ಆಕಾಶ ತಿರುಗುತ್ತಿರುತ್ತದೆ. ಕ್ಯಾಮೆರಾ ಸುಮ್ಮನೆ ನಿಂತರೆ ನಕ್ಷತ್ರಗಳೆಲ್ಲ ಗೆರೆಗಳಾಗುತ್ತವೆ, ಬಾಲ ಕಲಸಿಹೋಗುತ್ತದೆ. ಅದಕ್ಕೆ ಎರಡು ಹಲಗೆಗಳನ್ನು ಬಾಗಿಲಿನ ಕೀಲಿನಿಂದ ಸೇರಿಸಿ, ಕೀಲಿನಿಂದ ಹನ್ನೊಂದೂವರೆ ಇಂಚಿಗೆ ತುಸು ಒಳಗೆ ಕಾಲಿಂಚಿನ ಬೋಲ್ಟು ತೂರಿಸಿದೆ. ಬೋಲ್ಟನ್ನು ನಿಮಿಷಕ್ಕೊಂದು ಸುತ್ತು ತಿರುಗಿಸಿದರೆ ಕ್ಯಾಮೆರಾ ಹೊತ್ತ ಮೇಲಿನ ಹಲಗೆ ಆಕಾಶದ ವೇಗದಲ್ಲೇ ಏಳುತ್ತದೆ. ಕೀಲು ಮಾತ್ರ ಧ್ರುವ ನಕ್ಷತ್ರದ ಕಡೆ ನೇರ ನೋಡುತ್ತಿರಬೇಕು. ನಮ್ಮ ಕಡೆ ಧ್ರುವ ನಕ್ಷತ್ರ ಬಹಳ ಕೆಳಗೆ, ಒಂದು ಹೊಂಗೆ ಮರ ಅಡ್ಡ ಬಂದರೂ ಮುಗಿಯಿತು. ಮರವಿಲ್ಲದ ಜಾಗವೆಂದು ಊರಾಚೆಯ ಕೆರೆ ಏರಿಯನ್ನು ಆರಿಸಿಕೊಂಡೆ. ಜೊತೆಗೆ ಬಂದವರು ನಮ್ಮ ಡ್ರಿಲ್ ಮೇಷ್ಟ್ರು. ಅವರಿಗೆ ಸೌರಗಾಳಿಯ ಮೇಲೆ ನಂಬಿಕೆ ಇರಲಿಲ್ಲ, ಪರಿವೀಕ್ಷಕರ ಮೇಲೆ ಸಿಟ್ಟಿತ್ತು. ಓಟದ ಪಂದ್ಯಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯಲ್ಲೇ ಏರಿಯ ಮೇಲೆ ಉತ್ತರಕ್ಕೆ ಒಂದು ಗೆರೆ ಎಳೆದರು. ಗಡಿಯಾರ ಹಿಡಿದು ಹದಿನೈದು ಸೆಕೆಂಡಿಗೊಮ್ಮೆ “ಹೂಂ!” ಎನ್ನುವುದು ಅವರ ಕೆಲಸ. ಪ್ರತಿ “ಹೂಂ”ಗೆ ಬೋಲ್ಟಿಗೆ ಕಾಲು ಸುತ್ತು ಕೊಡುವುದು ನನ್ನ ಕೆಲಸ.

ಮೊದಲ ರೋಲು ಪೂರ್ತಿ ಹಾಳಾಯಿತು. ನಾನು ಕತ್ತಲೆ ಕೋಣೆಯಲ್ಲಿ ಪಕ್ಕದಲ್ಲೇ ನಿಂತು ತೊಳೆಸಿದೆ. ನಕ್ಷತ್ರಗಳೆಲ್ಲ ಅಕ್ಕಿ ಹುಳುಗಳ ಹಾಗೆ ಸೊಟ್ಟ ಸೊಟ್ಟ. ಕೀಲು ಅಲ್ಲಾಡುತ್ತಿತ್ತು. ಕಡೂರಿಗೆ ಹೋಗಿ ಲೇತ್ ಅಂಗಡಿಯಲ್ಲಿ ಬಿಗಿಯಾದ ಕೀಲುಕಡ್ಡಿ ಮಾಡಿಸಿದೆ. “ಯಾವ ಬಾಗಿಲಿಗೆ ಮೇಡಂ ಇಷ್ಟು ಬಿಗಿ?” ಎಂದು ಅಂಗಡಿಯವನು ಕೇಳಿದ. ಆಕಾಶದ ಬಾಗಿಲಿಗೆ ಎನ್ನಬೇಕೆನಿಸಿತು, ಆದರೆ ತಮಾಷೆ ಮಾಡುವ ಮನಸ್ಸಿರಲಿಲ್ಲ.

ಚಂದ್ರನ ಕಾಟ ಮುಗಿಯುವ ಹೊತ್ತಿಗೆ ಶಿವರಾತ್ರಿ ಬಂತು. ಜಾಗರಣೆ ಮುಗಿಯುವ ಜಾವಕ್ಕೆ ಏರಿ ಹತ್ತಿದರೆ ಕೆರೆ ಪಕ್ಕದ ಈಶ್ವರನ ಗುಡಿಗೆ ಊರಿನ ಟ್ಯೂಬ್ ಲೈಟುಗಳೆಲ್ಲ ಬಂದು ಕೂತಿದ್ದವು. ಹತ್ತು ನಿಮಿಷ ಆರಿಸಿ ಎಂದು ಕೇಳಲು ಹೋದೆ. ಗುಡಿಯ ಜಗಲಿಯಲ್ಲಿದ್ದ ಹಿರಿಯರೊಬ್ಬರು ಎದ್ದೇ ನಿಂತರು.

“ಶಿವರಾತ್ರಿ ದಿನ ದೀಪ ಆರ್ಸು ಅಂತೀಯಲ್ಲವ್ವಾ! ಅದೂ ಆ ಅಪಶಕುನದ ಚುಕ್ಕಿ ನೋಡಾಕೆ!”

“ಹತ್ತೇ ನಿಮಿಷ ಅಜ್ಜಾ.”

“ಹತ್ತು ನಿಮಿಷ ಶಿವನ್ನ ಕತ್ಲಲ್ಲಿ ಕೂರ್ಸಕ್ಕಾತದಾ? ಓದಿದೋರು ನೀವೇ ಹಿಂಗಂದ್ರೆ ಹೆಂಗೆ?”

ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಡ್ರಿಲ್ ಮೇಷ್ಟ್ರು ನಡುವೆ ಬಂದು ತಡೆದರು. “ಬಿಡ್ರೀ ಮೇಡಂ, ಅವ್ರ ಕೂಡೆ ವಾದ ಮಾಡ್ತಾ ನಿಂತ್ರೆ ಸೂರ್ಯ ಹುಟ್ಬಿಡ್ತಾನೆ. ಏರಿ ಆ ಕಡಿಕೆ ಇಳಿಯಾನ ಬನ್ರೀ.” ಏರಿಯ ಆಚೆ ಮಗ್ಗುಲಿಗೆ ಇಳಿದರೆ ಲೈಟು ಮರೆಯಾಯಿತು. ಸುಣ್ಣದ ಗೆರೆ ಮತ್ತೆ ಹೊಸದಾಗಿ ಎಳೆದದ್ದಾಯಿತು.

ಪೂರ್ವದಲ್ಲಿ ಧೂಮಕೇತು ಮೇಲೆ ಬಂದಿತ್ತು. ಬೈನಾಕ್ಯುಲರ್ ಹಿಡಿದೆ. ತಲೆ ಇತ್ತು. ತಲೆಯ ಮೇಲೆ ಒಂದಿಷ್ಟು ದೂರ ಏನೂ ಇರಲಿಲ್ಲ, ಬರೀ ಕಪ್ಪು. ಆ ಕಪ್ಪಿನ ಆಚೆ ನೀಳವಾದ ಬಾಲ ತನ್ನಷ್ಟಕ್ಕೆ ತಾನು ತೇಲುತ್ತಿತ್ತು. ಬೈನಾಕ್ಯುಲರನ್ನು ಡ್ರಿಲ್ ಮೇಷ್ಟ್ರಿಗೆ ಕೊಟ್ಟೆ.

“ಏನ್ ಕಾಣ್ತಿದೆ ಹೇಳಿ.”

“ಮುರ್ದೋಗೈತಲ್ರೀ!” ಎಂದರು. “ಬಾಲ ಬ್ಯಾರೆ, ತಲೆ ಬ್ಯಾರೆ. ಯಾರ್ ಮುರುದ್ರು?”

“ಸೂರ್ಯ ಮುರಿದದ್ದು. ನೀವು ನಂಬದೇ ಇದ್ದ ಗಾಳಿ.”

ಅವರು ಗಡಿಯಾರ ಕೈಗೆತ್ತಿಕೊಂಡರು. “ಹೂಂ!” ಕಾಲು ಸುತ್ತು. “ಹೂಂ!” ಕಾಲು ಸುತ್ತು. ಗುಡಿಯ ಮೈಕಿನಲ್ಲಿ ಭಜನೆ, ಏರಿಯ ಕೆಳಗೆ ನಮ್ಮ ಹೂಂಕಾರ. ಹತ್ತು ನಿಮಿಷದ ಎಕ್ಸ್‌ಪೋಷರ್ ಹೀಗೇ ಮುಗಿಯಿತು. ಮರುದಿನ ಬೆಳಗ್ಗೆಯೂ ಅಲ್ಲೇ ನಿಂತು ಇನ್ನೊಂದು ತೆಗೆದೆವು. ಅಷ್ಟರಲ್ಲಿ ಕಡಿದ ಬಾಲ ಇನ್ನೂ ದೂರ ಸರಿದಿತ್ತು, ತಲೆಯಿಂದ ಗೆರೆಯಷ್ಟು ಹೊಸ ಬಾಲ ಹೊರಟಿತ್ತು.

ಶಾಲೆಯಲ್ಲಿ ಪರೀಕ್ಷೆ ಶುರುವಾಗಿತ್ತು, ರಜೆ ಸಿಗುವಂತಿರಲಿಲ್ಲ. ಸಂಜೆ ಬಸ್ಸಿಗೆ ತರೀಕೆರೆಗೆ ಹೋಗಿ ರೋಲು ಕೊಟ್ಟು, “ತೊಳೆದು ಒಣಗಿಸಿ ಇಟ್ಟಿರಿ. ಬೇರೇನೂ ಮಾಡಬೇಡಿ” ಎಂದು ಎರಡೆರಡು ಸಲ ಹೇಳಿದೆ.

“ಬೇರೇನ್ ಮಾಡಾದು ಮೇಡಂ, ತೊಳ್ಯಾದಷ್ಟೇ” ಎಂದ.

ಆ ವಾರ ಹೆಡ್ ಮಾಸ್ಟರಿಗೆ ತರೀಕೆರೆಯಲ್ಲಿ ಮೀಟಿಂಗು. ಸ್ಟುಡಿಯೋಗೆ ಹೋಗಿ ನನ್ನ ನೆಗೆಟಿವಿನದೇ ದೊಡ್ಡದೊಂದು ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಮುಖ ಊರಗಲವಾಗಿತ್ತು. ನನ್ನನ್ನು ಕರೆಸಿ ಎಲ್ಲರೆದುರು ಚಾರ್ಟನ್ನು ತಾವೇ ಈ ಕಡೆ ತಿರುಗಿಸಿದರು.

“ಪರಿವೀಕ್ಷಕರಿಗೂ ಅಲ್ಲೇ ತೋರಿಸಿದೆ ಕಣಮ್ಮ. ‘ಭೇಷ್, ಬಾಲ ಅಂದ್ರೆ ಇದು’ ಅಂದ್ರು. ಕಡೂರಿನಲ್ಲಿ ಧೂಮಕೇತು ಪ್ರದರ್ಶನ ಇದೆಯಲ್ಲ, ನಮ್ಮ ಚಾರ್ಟು, ಫೋಟೋ ಎರಡೂ ಹೋಗ್ತವೆ.”

ತಿಂಗಳುಗಟ್ಟಲೆ ಕಾದಿದ್ದು ಆಗಿಯೇಹೋಗಿತ್ತು. ಪ್ರಿಂಟು ನೋಡಿದೆ. ತಲೆಯಿಂದ ತುದಿಯವರೆಗೆ, ಜಡೆ ಹೆಣೆದಷ್ಟು ನುಣುಪಾದ ಒಂದೇ ಬಾಲ. ನಾನು ಕಂಡ ಕಪ್ಪು ಸಂದು ಎಲ್ಲಿಯೂ ಇಲ್ಲ. ಡ್ರಿಲ್ ಮೇಷ್ಟ್ರು ನನ್ನ ಭುಜದ ಹಿಂದಿನಿಂದ ಇಣುಕಿ, “ಇದು ಆವತ್ತಿಂದಲ್ಲ ಕಣ್ರೀ” ಎಂದರು. ಮುಂದಿನ ಬಸ್ಸಿಗೆ ನಾನು ತರೀಕೆರೆಯಲ್ಲಿದ್ದೆ.

“ಹೆಂಗ್ ಬಂದೈತೆ ಮೇಡಂ?” ಎಂದು ಸ್ಟುಡಿಯೋದಾತ ಬಾಯ್ತುಂಬ ನಕ್ಕ. “ನಡುವೆ ಕೆಟ್ಟೋಗಿತ್ತು. ನಿಮ್ದೇನೋ ಕೈ ಅಲ್ಲಾಡೈತೆ, ಇಲ್ಲಾ ಫಿಲಮ್ಮಿಂದೇ ದೋಷ. ಎರಡು ದಿವ್ಸ ಕೂತು ಪೆನ್ಸಿಲ್ ಹಾಕಿ ತುಂಬ್ದೆ. ಗೊತ್ತೇ ಆಗಲ್ಲ, ನೋಡ್ರೀ.”

“ಬೇರೇನೂ ಮಾಡಬೇಡಿ ಎಂದಿರಲಿಲ್ಲವೇ ನಾನು?”

“ಬೇರೇನ್ ಮಾಡಿದೀನಿ?” ನಿಜವಾಗಿಯೂ ಆತನಿಗೆ ಗೊತ್ತಾಗಲಿಲ್ಲ. ಮೊಡವೆ, ಕಲೆ, ಸುಕ್ಕು ಏನೇ ಇದ್ದರೂ ಪೆನ್ಸಿಲ್ ಮುಟ್ಟಿಸದ ನೆಗೆಟಿವ್ ಆ ಅಂಗಡಿಯಿಂದ ಆಚೆ ಹೋದದ್ದೇ ಇಲ್ಲ. ಆತನ ಲೆಕ್ಕದಲ್ಲಿ ಅದೂ ತೊಳೆಯುವುದರಲ್ಲೇ ಸೇರಿತ್ತು. “ಕೆಟ್ಟಿದ್ದನ್ನ ಕೆಟ್ಟಂಗೇ ಕೊಟ್ರೆ ನಮ್ಮಂಗ್ಡಿಗೆ ಯಾರ್ ಬತ್ತಾರೆ ಮೇಡಂ?”

“ಅದು ಕೆಟ್ಟಿರಲಿಲ್ಲ! ಕಡಿದಿತ್ತು! ಅದನ್ನ ಹಿಡಿಯೋದಕ್ಕೇ ನಾನು ತಿಂಗಳಾನುಗಟ್ಟಲೆ ಒದ್ದಾಡಿದ್ದು! ಇಲ್ಲದ್ದನ್ನ ಇದೆ ಅಂತ, ಇದ್ದದ್ದನ್ನ ಇಲ್ಲ ಅಂತ ಬರೆಯೋಕೆ ನಿಮಗ್ಯಾರ್ರೀ ಹೇಳಿದ್ದು?”

ಬಸ್ಸಿಗೆ ಕಾಯುತ್ತಿದ್ದ ಜನ ಬಾಗಿಲಿಗೆ ಬಂದು ನಿಂತರು. ನನ್ನ ದನಿ ಅಷ್ಟೆತ್ತರಕ್ಕೆ ಹೋದದ್ದು ಬಾಲಕ್ಕಾಗಿ ಮಾತ್ರ ಅಲ್ಲ. ಅದು ನನಗೆ ಆ ಕ್ಷಣವೇ ಗೊತ್ತಿತ್ತು.

ಟರ್ಪೆಂಟೈನ್ ತರಿಸಿದೆ. ಹತ್ತಿಯಿಂದ ಆತನ ಕೈಯಲ್ಲೇ ಒರೆಸಿಸಿದೆ. ಪೆನ್ಸಿಲ್ಲಿನ ಮಸಿ ಹೋಯಿತು, ಕೆಳಗಿನಿಂದ ಸಂದು ಮತ್ತೆ ಕಾಣಿಸಿತು. ಆದರೆ ಕಡಿದ ಬಾಲದ ಬುಡ ಗಂಟುಗಂಟಾಗಿರುತ್ತದೆ, ಅದೇ ವಿಜ್ಞಾನಿಗಳಿಗೆ ಬೇಕಾದದ್ದು. ಅದನ್ನು ಆತ ನುಣುಪು ಮಾಡಲೆಂದು ಬ್ಲೇಡಿನಿಂದ ಹೆರೆದಿದ್ದ. ಮಸಿ ಒರೆಸಬಹುದು, ಹೆರೆದದ್ದು ವಾಪಸ್ ಬರುವುದಿಲ್ಲ.

“ಮಾರನೇ ದಿನದ್ದು?” ಎಂದು ಕೇಳಿದೆ.

“ಅದು ಪೂರ್ತಿ ಹೋಗ್ಬಿಟ್ಟಿತ್ತು ಮೇಡಂ, ಎರಡು ತುಂಡು. ಸರಿ ಮಾಡಕ್ಕಾಗಲ್ಲ ಅಂತ ಅದಕ್ಕೆ ಕೈಯೇ ಹಚ್ಚಲಿಲ್ಲ.”

ಆ ನೆಗೆಟಿವನ್ನು ಬೆಳಕಿಗೆ ಹಿಡಿದೆ. ಕಡಿದ ಬಾಲ, ಅಗಲವಾದ ಸಂದು, ಗೆರೆಯಂಥ ಹೊಸ ಬಾಲ, ಎಲ್ಲವೂ ಇದ್ದಲ್ಲೇ ಇದ್ದವು. ನಾನು ಎದುರಿಗೆ ನಿಂತು ಅದರದ್ದೊಂದು ಪ್ರಿಂಟು ಹಾಕಿಸಿದೆ. ನೆಗೆಟಿವ್ ಎರಡನ್ನೂ ವೀಕ್ಷಣಾಲಯಕ್ಕೆ ಕಳಿಸಿದೆ. ಮೊದಲನೆಯದಕ್ಕೆ ಏನೇನು ಆಯಿತೆಂದು ಒಂದಕ್ಷರ ಬಿಡದೆ ಬರೆದೆ.

ಉಳಿದದ್ದು ಕಡೂರಿನ ಪ್ರದರ್ಶನ. ಹೆಡ್ ಮಾಸ್ಟರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತರು.

“ಅಲ್ಲಮ್ಮಾ, ಬಾಲ ಕಡಿದಿದ್ರೇನು, ಕೂಡಿದ್ರೇನು? ಸೂರ್ಯನಿಗೆ ಬೆನ್ನು ಹಾಕಿದೆ ತಾನೇ? ಚಾರ್ಟು ತಿರುಗ್ತಲ್ಲ, ಸಾಕು ಬಿಡು. ಈಗ ಹೋಗಿ ಆ ಫೋಟೋ ಸುಳ್ಳು ಅಂದ್ರೆ ನಾಳೆ ನಿನ್ನ ಚಾರ್ಟೂ ಸುಳ್ಳು ಅಂತಾರೆ.”

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಅದಕ್ಕೇ ನನಗೆ ಮತ್ತಷ್ಟು ಕೋಪ ಬಂತು. ಕೂಡಿದ ಬಾಲವಾದರೆ ಚಾರ್ಟು ಗೆಲ್ಲುತ್ತದೆ, ಕಡಿದ ಬಾಲವಾದರೆ ಸೋಲಬಹುದು. ಒಂದು ದಿನ ಪೂರ್ತಿ ಯೋಚನೆ ಮಾಡಿದೆ. ಕಾಫಿ ತಟ್ಟೆಯ ಮೇಲೆ ಬಿದ್ದ ಆ ಫೋಟೋ ಕಣ್ಣ ಮುಂದಿನಿಂದ ಹೋಗಲಿಲ್ಲ. ಪ್ರದರ್ಶನದ ಬೆಳಗ್ಗೆ ಎಲ್ಲರಿಗಿಂತ ಮೊದಲು ಕಡೂರು ಸೇರಿ, ದೊಡ್ಡ ಕಟ್ಟಿನ ಫೋಟೋ ಇಳಿಸಿ ಬೆಂಚಿನಡಿ ಇಟ್ಟೆ. ಆ ಜಾಗಕ್ಕೆ ಎರಡು ತುಂಡಿನದನ್ನು ಮೊಳೆ ಹೊಡೆದು ಹಾಕಿದೆ.

ಪರಿವೀಕ್ಷಕರು ಬಂದರು.

“ಇದೇನ್ರೀ, ಆ ಚೆನ್ನಾಗಿರೋದು ಎಲ್ಲಿ? ಇದು ಹರಿದೋಗಿರೋ ಫೋಟೋ!”

“ಹರಿದಿರೋದು ಫೋಟೋ ಅಲ್ಲ ಸಾರ್, ಬಾಲ. ನೀವು ಇಲ್ಲ ಅಂದ ಗಾಳಿಯೇ ಹರಿದಿದ್ದು. ಆ ಚೆನ್ನಾಗಿರೋದನ್ನ ಸ್ಟುಡಿಯೋದಲ್ಲಿ ಪೆನ್ಸಿಲಲ್ಲಿ ಬರೆದಿದ್ದಾರೆ.”

“ಹಾಗಾದ್ರೆ ನನಗೆ ಮೊದಲು ತೋರಿಸಿದ್ದು ಸುಳ್ಳು?”

“ಹೌದು ಸಾರ್, ಸುಳ್ಳು. ನಿಮಗೆ ಹಿಡಿಸಿದ್ದೂ ಅದೇ.”

ಅವರ ಮುಖ ಕೆಂಪಗಾಯಿತು. ಮುಂದಿನ ಬೆಂಚಿಗೆ ನಡೆದರು. ಆ ಸಂಜೆ ಬಹುಮಾನ ಓದುವಾಗ ನಮ್ಮ ಶಾಲೆಯ ಹೆಸರು ಎಲ್ಲಿಯೂ ಬರಲಿಲ್ಲ. ಮಾರನೇ ದಿನ ತರಗತಿಗೆ ಹೋದರೆ ಚಾರ್ಟು ಮತ್ತೆ ಗೋಡೆಗೆ ಮುಖ ಮಾಡಿತ್ತು. ನಾನು ಹೋಗಿ ಈ ಕಡೆ ತಿರುಗಿಸಿದೆ. ಹೆಡ್ ಮಾಸ್ಟರು ಬಂದು ಆ ಕಡೆ ತಿರುಗಿಸಿದರು. ಅವರು ಹೋದ ಮೇಲೆ ನಾನು ಮತ್ತೆ ತಿರುಗಿಸಿದೆ. ಬೇಸಿಗೆ ರಜೆ ಶುರುವಾಗುವವರೆಗೂ ಇದೇ ನಡೆಯಿತು. ಕೊನೆಗೆ ಬೇಸತ್ತು ಬಿಟ್ಟವರು ಅವರು.

ಬೇಸಿಗೆಯಲ್ಲಿ ವೀಕ್ಷಣಾಲಯದವರು ಉತ್ತರ ಬರೆದರು. ಮೊದಲನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಎರಡನೆಯದು ಉಪಯೋಗಕ್ಕೆ ಬಂದಿದೆ, ಬೇರೆ ಕಡೆಯ ಚಿತ್ರಗಳ ಜೊತೆ ಇಟ್ಟು ನೋಡಿದರೆ ಬಾಲ ಕಡಿದ ಹೊತ್ತು ಸಿಗುತ್ತದೆ. ಡ್ರಿಲ್ ಮೇಷ್ಟ್ರು ಅದನ್ನು ಎರಡು ಸಲ ಓದಿಸಿಕೊಂಡು, “ಮತ್ತೆ ಹೂಂ ಅಂದೋನು ನಾನು ಅಂತ ಅದ್ರಲ್ಲಿ ಇಲ್ವಲ್ರೀ” ಎಂದರು.

ಕ್ಯಾಮೆರಾ ಹಿಂದಿರುಗಿಸಲು ತರೀಕೆರೆಗೆ ಹೋದೆ. ಗುರುತಿನ ಚೀಟಿಗೆ ಒಂದು ಫೋಟೋವೂ ಬೇಕಿತ್ತು. ಸ್ಟೂಲಿನ ಮೇಲೆ ಕೂರಿಸಿ, ಎಡಗೆನ್ನೆ ನೆರಳಿಗೆ ಹೋಗುವಂತೆ ಸ್ಟುಡಿಯೋದಾತ ನನ್ನ ಮುಖವನ್ನು ಮೆಲ್ಲಗೆ ತಿರುಗಿಸಲು ಕೈ ಮುಂದೆ ಮಾಡಿದ. ನಾನು ಎಡಗೆನ್ನೆಯನ್ನೇ ದೀಪಕ್ಕೆ ಕೊಟ್ಟು ನೆಟ್ಟಗೆ ಕೂತೆ. ಆತ ಕೈ ಹಿಂದಕ್ಕೆಳೆದುಕೊಂಡ.

“ಎಪ್ಪತ್ತೈದರಲ್ಲಿ ನಿಮ್ಮಪ್ಪಾರ ಜೊತೆ ಬಂದಿದ್ದೋರು ನೀವೇ ಅಲ್ವಾ ಮೇಡಂ?” ಎಂದ. “ಅವತ್ತೇ ಗುರುತು ಸಿಕ್ತು, ಕೇಳ್ಲಿಲ್ಲ. ಆ ಹುಡುಗಿಗೆ ಗಂಡು ಸಿಗ್ಲಿ ಅಂತ ಎಷ್ಟ್ ಚೆನ್ನಾಗ್ ಮಾಡ್ಕೊಟ್ಟಿದ್ದೆ.”

“ಆ ನೆಗೆಟಿವ್ ಇದೆಯಾ?”

“ನಮ್ಮಲ್ಲಿ ಯಾವ ನೆಗೆಟಿವೂ ಬಿಸಾಕಲ್ಲ.” ಮೇಲಿನ ಡಬ್ಬಗಳನ್ನು ಇಳಿಸಿ ಹುಡುಕಿ ತೆಗೆದ. ಎರಡು ಜಡೆಯ ಹುಡುಗಿ. ಕೆನ್ನೆಯ ಮೇಲೆ ಸಣ್ಣ ಸಣ್ಣ ಪೆನ್ಸಿಲ್ ಗೀರುಗಳು, ಒಂದರ ಪಕ್ಕ ಒಂದು, ಬಹಳ ಶ್ರದ್ಧೆಯಿಂದ ಹಾಕಿದವು.

“ಇದಕ್ಕೆ ಬ್ಲೇಡು ಹಾಕಿದ್ದೀರಾ?”

“ಮುಖಕ್ಕೆ ಬ್ಲೇಡು ಹಾಕ್ತೀವಾ ಮೇಡಂ? ಬರೀ ಪೆನ್ಸಿಲ್ಲು.”

ಹತ್ತಿ, ಟರ್ಪೆಂಟೈನ್ ಕೇಳಿ ಇಸಿದುಕೊಂಡೆ. ಈ ಸಲ ಆತನ ಕೈಗೆ ಕೊಡಲಿಲ್ಲ, ನಾನೇ ಒರೆಸಿದೆ. ಗೀರುಗಳು ಒಂದೊಂದೇ ಹತ್ತಿಗೆ ಬಂದವು. ನೆಗೆಟಿವನ್ನು ದೀಪಕ್ಕೆ ಹಿಡಿದಾಗ ಕಲೆ ಇದ್ದಲ್ಲೇ ಇತ್ತು.

“ಈಗ ಇದನ್ನ ಪ್ರಿಂಟ್ ಹಾಕಿ” ಎಂದೆ.